ಹಾರ್ಮೋನ್ ಟೆಸ್ಟ್ ಮೊದಲಾ, ಜೀನ್ ಟೆಸ್ಟ್ ಮೊದಲಾ?

ಮಗುವಿಗೆ ಸಿಎಎಚ್ (ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ) ಇರಬಹುದು ಅಂತ ಡಾಕ್ಟರು ಹೇಳಿದರೆ ಮನೆಯವರ ಎದೆ ನಡುಗುತ್ತದೆ. ಇದು ಮೂತ್ರಪಿಂಡದ ಮೇಲಿರುವ, ಹಾರ್ಮೋನ್ ತಯಾರಿಸುವ ಅಡ್ರಿನಲ್ ಗ್ರಂಥಿಗೆ ಹುಟ್ಟಿನಿಂದಲೇ ಬರುವ ತೊಂದರೆ. ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಕೇಸುಗಳಲ್ಲಿ 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ ಕೊರತೆಯೇ ಕಾರಣ.

ಮೊದಲು ಮಾಡಿಸಬೇಕಾದ್ದು 17-ಒಎಚ್‌ಪಿ ಹಾರ್ಮೋನ್ ಟೆಸ್ಟ್. ಈ ಕಿಣ್ವ ಕಡಿಮೆಯಾದರೆ ರಕ್ತದಲ್ಲಿ ಈ ಹಾರ್ಮೋನ್ ಜಾಸ್ತಿಯಾಗುತ್ತದೆ. ಹುಟ್ಟಿ ಎರಡು ದಿನ ಕಳೆದ ಮೇಲೆ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ನಾಲ್ಕಾರು ಹನಿ ರಕ್ತ ತೆಗೆಯುತ್ತಾರೆ. ಕಾರವಾರದ ಮಳೆಗಾಲದಲ್ಲಿ ಆ ಕಾಗದ ಚೆನ್ನಾಗಿ ಒಣಗಿದೆಯಾ ಅಂತ ಕೇಳಿ. ತೇವ ಉಳಿದರೆ ಸ್ಯಾಂಪಲ್ ಕೆಡುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿನಲ್ಲಿ ಸುಮ್ನೆ ಜಾಸ್ತಿ ತೋರಿಸುವುದೂ ಉಂಟು. ಆಗ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದಲ್ಲಿ ಇನ್ನೊಮ್ಮೆ ನೋಡಿಸಿ, ಅದು ಹೆಚ್ಚು ನಿಖರ.

ಫಲಿತಾಂಶ ಅಡ್ಡಗೋಡೆ ಮೇಲಿನ ದೀಪದಂತಿದ್ದರೆ ಎಸಿಟಿಎಚ್ ಟೆಸ್ಟ್. ಎಸಿಟಿಎಚ್ ಅಂದರೆ ಅಡ್ರಿನಲ್ ಗ್ರಂಥಿಯನ್ನು ಚುರುಕುಗೊಳಿಸುವ ಹಾರ್ಮೋನ್. ಅದರ ಇಂಜೆಕ್ಷನ್ ಕೊಟ್ಟು 60 ನಿಮಿಷದ ನಂತರ ಮತ್ತೆ ರಕ್ತ ತೆಗೆಯುತ್ತಾರೆ.

ಜೀನ್ ಟೆಸ್ಟ್ ದುಬಾರಿ, ಫಲಿತಾಂಶಕ್ಕೆ ವಾರಗಟ್ಟಲೆ ಬೇಕು. 21-ಹೈಡ್ರಾಕ್ಸಿಲೇಸ್ ಕಿಣ್ವಕ್ಕೆ ಬೇಕಾದ ಸಿವೈಪಿ21ಎ2 ಜೀನಿನ ಪಕ್ಕದಲ್ಲೇ ಅದರಂತೆಯೇ ಕಾಣುವ ಕೆಲಸಕ್ಕೆ ಬಾರದ ಜೀನ್ ಇದೆ. ಹಾಗಾಗಿ ಅನುಭವ ಇರುವ ಲ್ಯಾಬೇ ಬೇಕು, ಅಪ್ಪ-ಅಮ್ಮನ ರಕ್ತವೂ ಕೊಟ್ಟರೆ ಒಳ್ಳೆಯದು. ಮುಂದಿನ ಮಗುವಿನ ಯೋಚನೆ ಇದ್ದರೆ ಖಂಡಿತ ಮಾಡಿಸಿ. ಅಪ್ಪ-ಅಮ್ಮ ಇಬ್ಬರೂ ವಾಹಕರಾಗಿದ್ದರೆ (ತಮಗೆ ತೊಂದರೆ ಇಲ್ಲದೆ ದೋಷದ ಜೀನ್ ಹೊತ್ತವರು) ಪ್ರತಿ ಬಸಿರಿನಲ್ಲೂ ಮಗುವಿಗೆ ಸಿಎಎಚ್ ಬರುವ 25% ಸಾಧ್ಯತೆ ಇರುತ್ತದೆ.

ಮಗು ವಾಂತಿ ಮಾಡುತ್ತಾ, ಹಾಲು ಬಿಟ್ಟು, ಮಂಕಾದರೆ ಯಾವ ರಿಪೋರ್ಟಿಗೂ ಕಾಯಬೇಡಿ. ದೂರದ ದೊಡ್ಡ ಆಸ್ಪತ್ರೆಗೆ ಹೊರಡುವ ಮೊದಲೇ ಹತ್ತಿರದ ಆಸ್ಪತ್ರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ ನೋಡಿಸಿ, ಚಿಕಿತ್ಸೆ ಶುರು ಮಾಡಿಸಿ.