ಮಚ್ಚೆ ನುಂಗುವ ಕ್ಯಾಮೆರಾ: ಒಂದು ಸೆಲ್ಫಿ ಫೋನಿನ ವಿಮರ್ಶೆ

ಬ್ಯಾಟರಿ ಚೆನ್ನಾಗಿದೆ, ಪರದೆ ಬಿಸಿಲಲ್ಲೂ ಕಾಣುತ್ತದೆ, ಹಿಂದಿನ ಕ್ಯಾಮೆರಾ ಬಗ್ಗೆ ದೂರು ಹೇಳುವಂಥದ್ದೇನಿಲ್ಲ. ಇಷ್ಟನ್ನು ಎಲ್ಲರೂ ಬರೆದಿರುತ್ತಾರೆ. ನಾನು ಬರೆಯಲು ಕೂತಿದ್ದು ಮುಂದಿನ ಕ್ಯಾಮೆರಾ ಬಗ್ಗೆ. ಕಂಪನಿಯ ಹೆಸರು ಬೇಡ. ಸೆಲ್ಫಿಗೆಂದೇ ಮಾರುವ ಫೋನುಗಳಲ್ಲಿ ಇದೇ ಕತೆ ಬೇಕಾದಷ್ಟು ಕಡೆ ಇದೆ, ಯಾವುದನ್ನು ಕೊಂಡರೂ ಒಮ್ಮೆ ನೋಡಿಕೊಳ್ಳಿ.

ನನ್ನ ಎಡಗೆನ್ನೆಯ ಮೇಲೆ, ಮೂಗಿನ ಪಕ್ಕದಲ್ಲೇ ಒಂದು ಮಚ್ಚೆ ಇದೆ. ಹುಟ್ಟಿದಾಗಿನಿಂದ ಇದೆ. ಈ ಫೋನಿನ ಸೆಲ್ಫಿಯಲ್ಲಿ ಅದು ಇಲ್ಲ! ಬ್ಯೂಟಿ ಮೋಡನ್ನು ನಾನು ಆನ್ ಮಾಡಿರಲಿಲ್ಲ, ಡಬ್ಬಿಯಿಂದ ಹೊರಬರುವಾಗಲೇ ಅದು ಆನ್ ಆಗಿತ್ತು. ಮೊಡವೆ, ಕಲೆ, ಮಚ್ಚೆ ಎಲ್ಲ ಅದಕ್ಕೆ ಒಂದೇ. ಸುತ್ತಲಿನ ಚರ್ಮಕ್ಕಿಂತ ಬಣ್ಣ ಬೇರೆ ಇದ್ದರೆ ಸಾಕು, ಒರೆಸಿ ಬಿಡುತ್ತದೆ. ಕಣ್ಣಿನ ಕೆಳಗಿನ ಗೆರೆಗಳೂ ಹೋದವು. ಐವತ್ತರ ಹತ್ತಿರ ಬಂದವಳಿಗೆ ಅದು ಖುಷಿಯ ವಿಷಯವೇ ಅಲ್ವಾ ಅಂತ ನೀವು ಕೇಳಬಹುದು. ಖುಷಿಯೇ. ಮೊದಮೊದಲು.

ಸೆಟ್ಟಿಂಗ್ಸ್ ಒಳಗೆ ಹೋದರೆ ದೊಡ್ಡ ಪಟ್ಟಿಯೇ ಇದೆ. ಚರ್ಮ ನಯಮಾಡಲು ಒಂದು ಸ್ಲೈಡರ್, ಮುಖ ತೆಳ್ಳಗಾಗಲು ಒಂದು, ಕಣ್ಣು ದೊಡ್ಡದಾಗಲು ಒಂದು. ಮೂಗಿಗೆ ಬೇರೆ, ಗಲ್ಲಕ್ಕೆ ಬೇರೆ, ಮೈಬಣ್ಣಕ್ಕೆ ಬೇರೆ. ಬಣ್ಣದ ಸ್ಲೈಡರ್ ಎತ್ತರಿಸಿದರೆ ಮುಖ ಬೆಳ್ಳಗಾಗುತ್ತದೆ. ಕಪ್ಪಗಾಗಿಸುವ ದಿಕ್ಕೇ ಅದರಲ್ಲಿಲ್ಲ. ಚಂದ ಅಂದರೆ ಬೆಳ್ಳಗೆ ಅಂತ ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿ ಆಗಿದೆ. ಈ ಒಂದು ಸ್ಲೈಡರ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮುಖ ತೆಳ್ಳಗೆ ಮಾಡುವುದನ್ನು ಒಮ್ಮೆ ಬಾಗಿಲ ಚೌಕಟ್ಟಿನ ಮುಂದೆ ನಿಂತು ನೋಡಿ. ಸ್ಲೈಡರನ್ನು ಪೂರ್ತಿ ಬಲಕ್ಕೆ ಎಳೆಯಿರಿ. ಕೆನ್ನೆ ಒಳಗೆ ಸರಿಯುತ್ತದೆ, ಜೊತೆಗೆ ಕೆನ್ನೆಯ ಪಕ್ಕದ ಚೌಕಟ್ಟೂ ಒಳಗೆ ಬಾಗುತ್ತದೆ. ಮರದ ನೇರ ಪಟ್ಟಿ ನನ್ನ ದವಡೆಯ ಮಟ್ಟಕ್ಕೆ ಬಂದಾಗ ಸೊಂಟ ಮುರಿದುಕೊಂಡಿರುತ್ತದೆ. ತಲೆ ತಿರುಗಿಸಿದರೆ ಆ ಬಾಗು ನನ್ನ ಹಿಂದೆಯೇ ಬರುತ್ತದೆ. ಕ್ಯಾಮೆರಾ ಮಾಡುವುದಿಷ್ಟೇ: ಮುಖದ ಅಂಚು, ಕಣ್ಣು, ಗಲ್ಲ ಎಲ್ಲಿವೆ ಅಂತ ಗುರುತು ಹಾಕಿಕೊಂಡು ಅಲ್ಲಿನ ಚಿತ್ರವನ್ನು ಒಳಕ್ಕೆ ಜಗ್ಗುತ್ತದೆ. ಚರ್ಮ ಯಾವುದು, ಬಾಗಿಲು ಯಾವುದು ಅನ್ನುವ ಪರಿವೆ ಅದಕ್ಕಿಲ್ಲ. ನನ್ನ ಕನ್ನಡಕದ ಕಡ್ಡಿಯೂ ಕಿವಿಯ ಹತ್ತಿರ ಡೊಂಕಾಗಿತ್ತು. ಫೋಟೋ ನೋಡಿ ಚೆನ್ನಾಗಿದೆ ಅಂದವರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ.

ಸ್ಲೈಡರುಗಳನ್ನು ಸೌಮ್ಯವಾಗಿ ಇಟ್ಟುಕೊಂಡು ತೆಗೆದ ಒಂದು ಫೋಟೋವನ್ನು ಡಿಪಿ ಮಾಡಿದೆ. ನಿಮಗೆ ವಯಸ್ಸೇ ಆಗಲ್ವಾ, ಗುಟ್ಟೇನು, ಅಂತೆಲ್ಲ ಬಂತು. ಇಲ್ಲಿಂದಲೇ ಈ ಕ್ಯಾಮೆರಾದ ನಿಜವಾದ ಕೆಲಸ ಶುರುವಾಗೋದು. ಹೊಗಳಿಕೆ ಸೇರಿದ್ದು ಸ್ಲೈಡರಿಗೆ, ಉಳಿಸಿಕೊಳ್ಳುವ ಜವಾಬ್ದಾರಿ ಬಿದ್ದದ್ದು ನನ್ನ ತಲೆಗೆ. ಮುಂದಿನ ಫೋಟೋ ಅದಕ್ಕಿಂತ ಕಡಿಮೆ ಇರಬಾರದಲ್ಲ! ಬೆಳಗ್ಗೆ ಹಲ್ಲುಜ್ಜುವಾಗ ಕನ್ನಡಿ ನೋಡಿದರೆ, ಇವತ್ತು ಯಾಕೋ ಮುಖ ಬಾಡಿದೆ ಅನ್ನಿಸಲು ಶುರುವಾಯಿತು. ಬಾಡಿರಲಿಲ್ಲ. ಯಾವಾಗಲೂ ಇದ್ದ ಹಾಗೇ ಇತ್ತು.

ಮನುಷ್ಯ ತನ್ನನ್ನು ಅಳೆದುಕೊಳ್ಳೋದು ಬೇರೆಯವರ ಪಕ್ಕ ನಿಂತು ಅಂತ ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಬರೆದಿದ್ದರು. ಆಗ ಪಕ್ಕದಲ್ಲಿ ನಿಲ್ಲಲು ಇನ್ನೊಬ್ಬರು ಬೇಕಿತ್ತು. ಈಗ ನನ್ನ ಪಕ್ಕ ನಿಂತು ನನ್ನನ್ನು ಕಡಿಮೆ ಮಾಡುವವಳೂ ನಾನೇ, ಮಚ್ಚೆ ಇಲ್ಲದ ನಾನು. ಬೇರೆಯವರಾದರೆ ಅವರ ಮೈಕಟ್ಟೇ ಹಾಗೆ, ಅವರಿಗೆ ಬಿಡುವು ಜಾಸ್ತಿ ಅಂತ ಏನಾದರೂ ನೆಪ ಹೇಳಿಕೊಳ್ಳಬಹುದು. ಇವಳ ಎದುರು ಯಾವ ನೆಪವೂ ನಡೆಯೋದಿಲ್ಲ. ಇದು ನನ್ನೊಬ್ಬಳ ಹುಚ್ಚೂ ಅಲ್ಲ. ಅಮೆರಿಕದ ಮುಖದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ 2017ರಲ್ಲಿ ಸಮೀಕ್ಷೆ ಮಾಡಿದಾಗ, ಸೆಲ್ಫಿಯಲ್ಲಿ ಚೆನ್ನಾಗಿ ಕಾಣಬೇಕು ಅಂತ ಶಸ್ತ್ರಚಿಕಿತ್ಸೆಗೆ ಬಂದವರನ್ನು ಕಂಡಿದ್ದೇವೆ ಅಂದ ವೈದ್ಯರು ಶೇಕಡಾ 55.

ಅಕ್ಕನ ಮಗಳಿಗೆ ಮೊಡವೆ. ಗುಂಪಿನ ಫೋಟೋ ಅಂದರೆ ಯಾರದ್ದಾದರೂ ಬೆನ್ನ ಹಿಂದೆ ಸೇರಿಕೊಳ್ಳುತ್ತಿದ್ದಳು. ಈ ಫೋನ್ ಬಂದ ಮೇಲೆ ಮುಂದೆ ನಿಲ್ಲುತ್ತಾಳೆ. ಅದನ್ನು ಕ್ಯಾಮೆರಾದ ಲೆಕ್ಕಕ್ಕೆ ಜಮಾ ಮಾಡಲೇಬೇಕು. ಆದರೆ ಬೇರೆ ಯಾರಾದರೂ ಫೋನ್ ಎತ್ತಿದರೆ, "ಬೇಡ ಬೇಡ, ಚಿಕ್ಕಮ್ಮ, ನಿನ್ನ ಫೋನಲ್ಲೇ ತೆಗಿ" ಅಂತಾಳೆ. ಹಿಂದೆ ಗುಂಪಿಗೆ ಹೆದರುತ್ತಿದ್ದ ಹುಡುಗಿ ಈಗ ಫಿಲ್ಟರ್ ಇಲ್ಲದ ಲೆನ್ಸಿಗೆ ಹೆದರುತ್ತಾಳೆ. ಲಾಭವೋ ನಷ್ಟವೋ ನೀವೇ ಲೆಕ್ಕ ಹಾಕಿ.

ಎಲ್ಲ ಆಫ್ ಮಾಡಿ ತೆಗೆದರೂ ಮೂಗು ದಪ್ಪ ಕಾಣುತ್ತದಲ್ಲ ಅನ್ನುವವರಿಗೆ ಒಂದು ಮಾತು. ಅದು ನಿಮ್ಮ ಮೂಗಿನ ತಪ್ಪಲ್ಲ, ದೂರದ ತಪ್ಪು. 12 ಇಂಚು ದೂರದಿಂದ ತೆಗೆದ ಮುಖದಲ್ಲಿ, 5 ಅಡಿಯಿಂದ ತೆಗೆದದ್ದಕ್ಕಿಂತ ಮೂಗು ಸುಮಾರು ಶೇಕಡಾ 30ರಷ್ಟು ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಮೂಗು ಲೆನ್ಸಿಗೆ ಹತ್ತಿರ, ಕಿವಿ ದೂರ, ಅಷ್ಟೇ. ಫೋನನ್ನು ಎಲ್ಲಾದರೂ ಒರಗಿಸಿ, ಟೈಮರ್ ಹಾಕಿ, ಐದು ಅಡಿ ಹಿಂದೆ ನಿಂತು ಹಿಂದಿನ ಕ್ಯಾಮೆರಾದಲ್ಲಿ ತೆಗೆಯಿರಿ. ಯಾವ ಸ್ಲೈಡರೂ ಬೇಕಾಗೋದಿಲ್ಲ.

ಇನ್ನೊಂದು ಗುಂಡಿ "ಮಿರರ್". ಆನ್ ಇದ್ದರೆ ಕನ್ನಡಿಯಲ್ಲಿ ಕಂಡಂತೆ ಫೋಟೋ ಉಳಿಯುತ್ತದೆ, ಆಫ್ ಮಾಡಿದರೆ ಎಡ ಬಲ ಅದಲುಬದಲು. ಆಫ್ ಮಾಡಿದಾಗ ನನ್ನ ಮುಖ ನನಗೇ ವಕ್ರ ಅನ್ನಿಸಿತು. 1977ರ ಒಂದು ಪ್ರಯೋಗದಲ್ಲೂ ಹೀಗೇ ಆಗಿತ್ತು. ಜನ ತಮ್ಮ ಕನ್ನಡಿ ರೂಪವನ್ನೇ ಹೆಚ್ಚಾಗಿ ಆರಿಸಿದರು, ಅವರ ಗೆಳೆಯರು ಆರಿಸಿದ್ದು ಹೆಚ್ಚಾಗಿ ಕನ್ನಡಿಯಲ್ಲದ ರೂಪವನ್ನು. ಕಣ್ಣಿಗೆ ಅಭ್ಯಾಸವಾದದ್ದೇ ಚಂದ. ನಾನು ಆಫ್ ಮಾಡಿ ಇಟ್ಟಿದ್ದೇನೆ. ನನ್ನ ಜೊತೆಯವರಿಗೆ ಕಾಣುವ ಮುಖ ಹೇಗಿರುತ್ತೆ ಅನ್ನುವ ಕುತೂಹಲ ನನಗಿದೆ.

ಲೈಕ್ ಎಷ್ಟು ಬಂತು ಅಂತ ಎಣಿಸುವ ಚಟ ಇರುವವರಿಗೆ ಇನ್‌ಸ್ಟಾಗ್ರಾಂನಲ್ಲಿ ಆ ಸಂಖ್ಯೆ ಮರೆಮಾಡುವ ಸೌಲಭ್ಯ 2021ರಿಂದ ಇದೆ. ನಿಮ್ಮ ಪೋಸ್ಟಿನದ್ದೂ ಮುಚ್ಚಬಹುದು, ಬೇರೆಯವರದ್ದೂ ಮುಚ್ಚಬಹುದು. ಆದರೆ ಅದು ಪೋಸ್ಟ್ ಹಾಕಿದ ನಂತರದ ಮಾತು. ಈ ಫೋನಿನ ಆಟ ನಡೆಯೋದು ಅದಕ್ಕೂ ಮೊದಲು, ಪರದೆಯ ಮೇಲೆ ನಮ್ಮ ಮುಖವನ್ನು ನಾವೇ ನೋಡಿಕೊಳ್ಳುವಾಗ.

ಅಂಕ ಕೊಡೋದಾದರೆ, ಲೆನ್ಸಿಗೆ ಐದಕ್ಕೆ ನಾಲ್ಕು. ಫಿಲ್ಟರ್ ಪೂರ್ತಿ ತೆಗೆದರೆ ಚಿತ್ರ ನಿಜಕ್ಕೂ ಚೊಕ್ಕ, ಮಚ್ಚೆಯ ಮೇಲಿನ ಒಂಟಿ ಕೂದಲೂ ಕಾಣುತ್ತದೆ. ಕೇಳದೆ ಆನ್ ಮಾಡಿ ಕಳಿಸಿದ್ದಕ್ಕೆ ಐದಕ್ಕೆ ಒಂದು. ಹದಿಹರೆಯದವರಿಗೆ ಕೊಡಿಸುವುದಾದರೆ ಕೈಗೆ ಕೊಡುವ ಮೊದಲೇ ಆಫ್ ಮಾಡಿ ಕೊಡಿ. ಆಮೇಲೆ ಅವರೇ ಆನ್ ಮಾಡಿಕೊಂಡರೆ ಅದು ಅವರ ಆಯ್ಕೆ, ಕನಿಷ್ಠ ಆನ್ ಆಗಿದೆ ಅನ್ನೋದು ಗೊತ್ತಿರುತ್ತದೆ.

ಆಫ್ ಮಾಡೋದೂ ಒಂದು ಕಡೆಯಲ್ಲ. ಫೋಟೋಗೆ ಬೇರೆ, ಪೋರ್ಟ್ರೇಟ್‌ಗೆ ಬೇರೆ, ವಿಡಿಯೋ ಕಾಲಿಗೆ ಇನ್ನೊಂದು ಮೆನುವಿನಲ್ಲಿ ಬೇರೆ. ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೆ ನನ್ನ ಫೋನಿನಲ್ಲಿ ಪೋರ್ಟ್ರೇಟಿನದ್ದು ತಾನಾಗಿಯೇ ಮತ್ತೆ ಆನ್ ಆಗಿತ್ತು. ಅಪ್‌ಡೇಟ್ ಆದಾಗಲೆಲ್ಲ ಮೂರೂ ಕಡೆ ಒಮ್ಮೆ ನೋಡಿಬಿಡಿ.