47ರ ನಂತರ: ನಡಿಗೆ, ಯೋಗ, ತೂಕ, ಜೆಲ್ – ನಾನು ಮಾಡಿ ನೋಡಿದ್ದು

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈಗೆ ಏರುವ ಆ ಝಳ ನನಗೆ ಮೊದಲ ಸಲ ಬಂದಿದ್ದು ಮೆಟ್ರೋದಲ್ಲಿ. ಆಗ ನನಗೆ 47. ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಹತ್ತಿದ್ದೆ, ಎಸಿ ಚೆನ್ನಾಗಿಯೇ ಇತ್ತು. ಮೆಜೆಸ್ಟಿಕ್ ಬರುವಷ್ಟರಲ್ಲಿ ಎದೆಯಿಂದ ಮೇಲಕ್ಕೆ, ಒಲೆ ಮುಂದೆ ಕೂತ ಹಾಗೆ ಬಿಸಿ ಏರಿತು. ಕತ್ತು, ಕಿವಿ, ಮುಖ ಎಲ್ಲ ಕೆಂಡ. ರವಿಕೆಯ ಬೆನ್ನು ಒದ್ದೆ. ಎದುರಿಗೆ ಕೂತಿದ್ದ ಹುಡುಗಿ ಏನೂ ಕೇಳದೆ ಎದ್ದು ಸೀಟು ಕೊಟ್ಟಳು. ಮೂರು ನಿಮಿಷಕ್ಕೆ ಬಿಸಿ ಇಳಿಯಿತು, ಹಿಂದೆಯೇ ಚಳಿ.

ಆಮೇಲೆ ಒಂದೊಂದೇ ಶುರುವಾಯಿತು. ಮುಟ್ಟು ಎರಡು ತಿಂಗಳು ಬರುತ್ತಿರಲಿಲ್ಲ, ಬಂದರೆ ಹತ್ತು ದಿನ ನಿಲ್ಲುತ್ತಿರಲಿಲ್ಲ. ರಾತ್ರಿ 3 ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಬೆಳಿಗ್ಗೆ ಬೆರಳಿನ ಗಿಣ್ಣು ಬಿಗಿ. ಎಡಗೈ ಬೆನ್ನ ಹಿಂದೆ ಹೋಗುತ್ತಿರಲಿಲ್ಲ. ತೂಕ ಜಾಸ್ತಿಯಾಗಿದ್ದು 2 ಕಿಲೋ ಅಷ್ಟೇ, ಆದರೆ ಅದೆಲ್ಲ ಸೊಂಟದ ಸುತ್ತಲೇ ಕೂತಿತ್ತು.

ಕೆಳಗಿನ ಮನೆ ಅಕ್ಕನಿಗೆ ಹೇಳಿದೆ. "ಎಲ್ಲರಿಗೂ ಆಗೋದೇ ಕಣೇ, ಸಹಿಸ್ಕೋಬೇಕು" ಅಂದರು. ಮೊದಲು ತೋರಿಸಿದ ಡಾಕ್ಟರು ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿ, ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಮ್ಮ ಅತ್ತೆ 71ನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡಿದ್ದರು. ಎಂಟು ತಿಂಗಳು ಅವರನ್ನು ನೋಡಿಕೊಂಡವಳು ನಾನು. ಅವರೂ ಇದನ್ನೆಲ್ಲ ಸಹಿಸಿಕೊಂಡೇ ಬಂದಿದ್ದರು.

ಹಾಗಾಗಿ ಡೈರಿಯ ಹಿಂದಿನ ಪುಟಗಳಲ್ಲಿ ಬರೆಯಲು ಶುರುಮಾಡಿದೆ. ದಿನಕ್ಕೆ ಎಷ್ಟು ಸಲ ಝಳ, ರಾತ್ರಿ ಎಷ್ಟು ಗಂಟೆ ನಿದ್ದೆ, ಯಾವ ಕೀಲು ನೋವು. ಎರಡು ವರ್ಷದ ಲೆಕ್ಕ ಅದರಲ್ಲಿದೆ. ಇಲ್ಲಿ ಹೇಳುವುದೆಲ್ಲ ನನ್ನ ಒಬ್ಬಳ ಮೈಯ ಮಾತು, ಅದು ನೆನಪಿರಲಿ.

ನಡಿಗೆ, ಯೋಗ, ತೂಕ, ಜೆಲ್ – ಇವುಗಳ ಹೋಲಿಕೆಗೆ ಮೊದಲು ಒಂದು ಮಾತು. ನಾನು ನೋಡಿದ ಎರಡನೇ ಡಾಕ್ಟರು ಏನನ್ನೂ ಬರೆದುಕೊಡುವ ಮುಂಚೆ ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ನೋಡಿಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.8 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಆ ಹತ್ತತ್ತು ದಿನದ ಮುಟ್ಟು ನನ್ನನ್ನು ಒಳಗೊಳಗೇ ಬರಿದು ಮಾಡಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ನಾನು ವಯಸ್ಸು ಅಂದುಕೊಂಡಿದ್ದೆ. ಮೂರು ತಿಂಗಳು ಕಬ್ಬಿಣದ ಮಾತ್ರೆ ತಗೊಂಡ ಮೇಲೆ ಅರ್ಧ ಸುಸ್ತು ಹೋಯಿತು. ಈ ಪರೀಕ್ಷೆಗಳನ್ನು ಬಿಟ್ಟು ನೇರ ವಾಕಿಂಗ್‌ಗೋ ಜಿಮ್‌ಗೋ ಹೋಗಿದ್ದರೆ, ಯಾವುದೂ ಕೆಲಸ ಮಾಡುತ್ತಿಲ್ಲ ಅಂತ ಎಲ್ಲವನ್ನೂ ಬಿಟ್ಟುಬಿಡುತ್ತಿದ್ದೆ.

ಆ ಡಾಕ್ಟರೇ ಇನ್ನೊಂದನ್ನು ಬಿಡಿಸಿ ಹೇಳಿದರು. 12 ತಿಂಗಳು ಪೂರ್ತಿ ಮುಟ್ಟು ಬರದಿದ್ದರೆ ಮಾತ್ರ ಅದು ಮೆನೋಪಾಸ್. ನಮ್ಮ ದೇಶದಲ್ಲಿ ಅದು ಸರಾಸರಿ 46-47ಕ್ಕೇ ಆಗುತ್ತದೆ. ಅದಕ್ಕೂ ಮುಂಚಿನ ಕೆಲವು ವರ್ಷ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಒಂದೇ ಸಮನೆ ಇಳಿಯುವುದಿಲ್ಲ, ಏರುತ್ತದೆ, ಬೀಳುತ್ತದೆ. ನಾನು ಆ ಏರಿಳಿತದ ನಡುವೆ ಇದ್ದೆ.

ಮೊದಲು ಹಿಡಿದಿದ್ದು ನಡಿಗೆ. ಲಾಲ್‌ಬಾಗ್ ಹತ್ತಿರವೇ ಇದೆ, ಬೆಳಿಗ್ಗೆ ನಡೆಯುವವರಿಗೆ ಟಿಕೆಟ್ ಇಲ್ಲ. ವಾರಕ್ಕೆ ಐದು ದಿನ, 40 ನಿಮಿಷ, ಕೊನೆಗೆ ಕೆಂಪೇಗೌಡರ ಗೋಪುರದ ಬಂಡೆ ಹತ್ತಿ ಇಳಿಯುತ್ತಿದ್ದೆ. ನಾಲ್ಕು ತಿಂಗಳು ತಪ್ಪಿಸಲಿಲ್ಲ. ಇದರಿಂದ ಮನಸ್ಸು ತುಂಬಾ ಹಗುರವಾಯಿತು. ಬಿಪಿ ಸ್ವಲ್ಪ ಇಳಿಯಿತು. ಈಸ್ಟ್ರೋಜನ್ ಹೋದ ಮೇಲೆ ಕೆಟ್ಟ ಕೊಲೆಸ್ಟ್ರಾಲ್ ಏರುವುದರಿಂದ ಹೃದಯಕ್ಕೆ ನಡಿಗೆ ಬೇಕೇ ಬೇಕು. ಆದರೆ ಝಳ? ದಿನಕ್ಕೆ 8 ಇದ್ದದ್ದು 8 ಆಗಿಯೇ ಉಳಿಯಿತು. ಭುಜವೂ ಹಾಗೇ.

ನಡಿಗೆಯ ನಾಲ್ಕು ತಿಂಗಳು ಮುಗಿದಾಗ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಪರೀಕ್ಷೆ ಮಾಡಿಸಿದೆ. ಹತ್ತು ಹದಿನೈದು ನಿಮಿಷ ಸುಮ್ನೆ ಮಲಗಿದರೆ ಆಯಿತು, ನೋವಿಲ್ಲ. ಬೆನ್ನುಮೂಳೆಯ ಟಿ-ಸ್ಕೋರ್ (ಮೂಳೆಯ ಗಟ್ಟಿತನದ ಅಂಕ) ಮೈನಸ್ 1.8 ಬಂತು. ಮೈನಸ್ 1ರವರೆಗೆ ಸರಿ, ಮೈನಸ್ 2.5 ಮುಟ್ಟಿದರೆ ಮೂಳೆ ಸವೆತದ ಕಾಯಿಲೆ. ನಾನು ನಡುವೆ ಇದ್ದೆ. "ನಾನು ದಿನಾ ನಡೀತೀನಲ್ಲ ಡಾಕ್ಟ್ರೇ" ಅಂದೆ. ಮೂಳೆಗೆ ದಿನವೂ ಹೊತ್ತು ಅಭ್ಯಾಸವಾದ ಭಾರ ಸಾಲದು, ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಅದು ಗಟ್ಟಿಯಾಗಲು ನೋಡುತ್ತದೆ ಅಂದರು. ಈ ಮಾತು ನನ್ನ ತಲೆಯಲ್ಲಿ ಕೂತಿತು. ಆದರೂ ಭುಜದ ನೋವಿನಲ್ಲಿ ಭಾರ ಎತ್ತಲು ಧೈರ್ಯ ಬರಲಿಲ್ಲ, ಮೊದಲು ಯೋಗಕ್ಕೆ ಸೇರಿದೆ.

ಬಸವನಗುಡಿಯಲ್ಲಿ ಯೋಗಕ್ಕೆ ಬರಗಾಲವಿಲ್ಲ. ನಾನು ಹೋಗಿದ್ದು ಅಯ್ಯಂಗಾರ್ ಪದ್ಧತಿಯ ತರಗತಿಗೆ. ಖುರ್ಚಿ, ಬೆಲ್ಟ್, ಮರದ ಇಟ್ಟಿಗೆ, ಗೋಡೆಗೆ ಕಟ್ಟಿದ ಹಗ್ಗ ಎಲ್ಲ ಇಟ್ಟುಕೊಂಡು ಮಾಡಿಸುತ್ತಾರೆ. ಬಗ್ಗದ ಮೈಗೆ ಅದು ದೊಡ್ಡ ಆಸರೆ. ಎರಡೂವರೆ ತಿಂಗಳಿಗೆ ಎಡಗೈ ಬೆನ್ನ ಹಿಂದೆ ಹೋಯಿತು, ಅವತ್ತು ನನ್ನ ಕಣ್ಣಲ್ಲಿ ನೀರು ಬಂತು. ನಿದ್ದೆಯೂ ಸುಧಾರಿಸಿತು. 3 ಗಂಟೆಗೆ ಎಚ್ಚರವಾಗುವುದು ನಿಲ್ಲಲಿಲ್ಲ, ಆದರೆ ಮತ್ತೆ ನಿದ್ದೆ ಹತ್ತುತ್ತಿತ್ತು. ಒಂಟಿ ಕಾಲಿನಲ್ಲಿ ನಿಲ್ಲುವ ಹಿಡಿತವೂ ಬಂತು. ಬೀಳದೆ ಇರುವುದು ಮೂಳೆ ಗಟ್ಟಿಯಿರುವಷ್ಟೇ ಮುಖ್ಯ ಅಲ್ವಾ? ಝಳದ ಲೆಕ್ಕ ಮಾತ್ರ 7ರಿಂದ 8. ಯೋಗದಿಂದ ಝಳ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನನ್ನ ಡೈರಿ ಅದನ್ನು ಒಪ್ಪುವುದಿಲ್ಲ. 2023ರಲ್ಲಿ ಅಮೆರಿಕದ ಮೆನೋಪಾಸ್ ಸೊಸೈಟಿ ಹೊರತಂದ ಸಲಹೆಯೂ ಇದೇ: ಯೋಗ, ವ್ಯಾಯಾಮಗಳಿಂದ ಬೇರೆ ಲಾಭ ಬೇಕಾದಷ್ಟಿದೆ, ಝಳಕ್ಕೆ ಅದನ್ನೇ ಮದ್ದು ಅಂತ ನೆಚ್ಚಿಕೊಳ್ಳುವಂತಿಲ್ಲ.

ನಡುವೆ ಅಗಸೆ ಬೀಜವನ್ನೂ ನೋಡಿದೆ. ಆಫೀಸಿನಲ್ಲಿ ಧಾರವಾಡದ ಗೆಳತಿ ಇದ್ದಾರೆ. "ಅಗಸಿ ಹಿಂಡಿ ದಿನಾ ತಿನ್ರಿ, ಮೈ ಝಳ ಕಡಿಮಿ ಆಗ್ತದ" ಅಂತ ಡಬ್ಬಿ ತುಂಬಾ ತಂದುಕೊಟ್ಟರು. ರೊಟ್ಟಿಗೆ ಅದರಂಥ ಜೊತೆ ಇಲ್ಲ, ಹೊಟ್ಟೆಗೂ ಒಳ್ಳೆಯದು. ಝಳಕ್ಕೆ ಏನೂ ಆಗಲಿಲ್ಲ. ಸೋಯಾ ಹಾಲಿನದೂ ಅದೇ ಕಥೆ.

ಇನ್ನು ತೂಕ ಎತ್ತುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಪೈಕಿ ಹೆಂಗಸರು ಇದರ ಹತ್ತಿರವೇ ಹೋಗುವುದಿಲ್ಲ. ಹನುಮಂತನಗರದಲ್ಲಿ ಒಂದು ಸಣ್ಣ ಜಿಮ್. ತರಬೇತಿ ಕೊಡುವ ಹುಡುಗಿಗೆ 26 ವರ್ಷ ಇರಬಹುದು. ಮೊದಲ ತಿಂಗಳು ಬರೀ ಕೂತು ಏಳುವುದು, ಬಗ್ಗುವುದು ಹೇಗೆ ಅಂತ ಕಲಿಸಿದಳು. "ಆಂಟಿ, ಬೆನ್ನು ನೆಟ್ಟಗೆ ಇರ್ಲಿ, ಉಸಿರು ಹಿಡೀಬೇಡಿ" – ಇದನ್ನು ಎಷ್ಟು ಸಲ ಕೇಳಿದ್ದೇನೋ. ಆಮೇಲೆ 15 ಕಿಲೋದ ಖಾಲಿ ರಾಡ್. ಈಗ ನೆಲದಿಂದ 40 ಕಿಲೋ ಎತ್ತುತ್ತೇನೆ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ಇರುತ್ತದೆ. ಮನೆಯಲ್ಲಿ ಅದನ್ನು ಜಾಗಕ್ಕೆ ಇಡುವವಳು ಈಗ ನಾನೇ.

ಆಸ್ಟ್ರೇಲಿಯಾದಲ್ಲಿ ಲಿಫ್ಟ್‌ಮೋರ್ ಅನ್ನುವ ಅಧ್ಯಯನ ನಡೆದಿತ್ತು. ಮುಟ್ಟು ನಿಂತ, ಮೂಳೆ ಸವೆದ 101 ಹೆಂಗಸರು. ಒಂದು ಗುಂಪಿನವರು ಪಳಗಿದವರ ಕಣ್ಗಾವಲಿನಲ್ಲಿ ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಭಾರವಾದ ತೂಕ ಎತ್ತಿದರು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ ಸರಾಸರಿ 2.9% ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು 1.2% ಇಳಿಯಿತು. ನನಗೆ ಇದರಲ್ಲಿ ಹಿಡಿಸಿದ್ದು ಆ ಅರ್ಧ ಗಂಟೆ. ಆಫೀಸು, ಅಡುಗೆ, ಅತ್ತೆ ಎಲ್ಲ ಇದ್ದವರಿಗೂ ವಾರಕ್ಕೆ ಎರಡು ಅರ್ಧ ಗಂಟೆ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ ವಾರಕ್ಕೆ 150 ನಿಮಿಷದ ನಡಿಗೆಯಂಥ ವ್ಯಾಯಾಮದ ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಮಾಡಿ ಅನ್ನುತ್ತದೆ. ನಾವು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿದ್ದೇವೆ.

ಆರು ತಿಂಗಳಲ್ಲಿ ಸೊಂಟದ ಸುತ್ತಳತೆ 5 ಸೆಂಟಿಮೀಟರ್ ಇಳಿಯಿತು, ತೂಕ ಒಂದು ಗ್ರಾಮೂ ಇಳಿಯಲಿಲ್ಲ. ಮಂಡಿ ನೋವು ಹೋಯಿತು. ಜೊತೆಗೆ ಊಟವೂ ಬದಲಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಹುರುಳಿ ಅಥವಾ ಹೆಸರುಕಾಳು, ರಾತ್ರಿ ಒಂದು ರಾಗಿಮುದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟು ನಿಂತವರಿಗೆ ದಿನಕ್ಕೆ ಬೇಕಾಗಿದ್ದು 1,200. ಮುದ್ದೆ, ಎರಡು ಲೋಟ ಹಾಲು ಮೊಸರು, ಸೊಪ್ಪು – ಇಷ್ಟಿದ್ದರೆ ಹತ್ತಿರ ಬಂದ ಹಾಗೆ. ಜಿಮ್‌ನ ಕಷ್ಟ ಅಂದರೆ ದುಡ್ಡು. ಹೇಳಿಕೊಡುವವರ ಜೊತೆ ಸೇರಿ ತಿಂಗಳಿಗೆ 3,000 ರೂಪಾಯಿ ಕೊಡುತ್ತೇನೆ, ನಡಿಗೆಗೆ ಶೂ ಬಿಟ್ಟರೆ ಖರ್ಚೇ ಇಲ್ಲ.

ಝಳ? ಇನ್ನೂ ದಿನಕ್ಕೆ 7. ಮೀಟಿಂಗ್ ನಡುವೆ, ಕುಕ್ಕರ್ ಮುಂದೆ, ನಡುರಾತ್ರಿ.

ಕೊನೆಗೆ ಹಾರ್ಮೋನ್ ಚಿಕಿತ್ಸೆ, ಅಂದರೆ ಮೈಯಲ್ಲಿ ಕಡಿಮೆಯಾದ ಈಸ್ಟ್ರೋಜನ್ ಅನ್ನು ಹೊರಗಿನಿಂದ ಕೊಡುವುದು. ಇದಕ್ಕೆ ನಾನು ತುಂಬಾ ಹೆದರಿದ್ದೆ. ಕ್ಯಾನ್ಸರ್ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ. ಆ ಹೆದರಿಕೆಯ ಮೂಲ 2002ರಲ್ಲಿ ಅಮೆರಿಕದಲ್ಲಿ ಅರ್ಧಕ್ಕೆ ನಿಲ್ಲಿಸಿದ ಒಂದು ದೊಡ್ಡ ಅಧ್ಯಯನ, ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಥರದ್ದು, ಹೀಗೆ ಎರಡೂ ಹಾರ್ಮೋನ್ ತಗೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ 8 ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಆಮೇಲೆ ಅದೇ ಲೆಕ್ಕವನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದರು. 60ಕ್ಕೆ ಮುಂಚೆ, ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಶುರುಮಾಡಿದ ಆರೋಗ್ಯವಂತರಲ್ಲಿ ಅಪಾಯಕ್ಕಿಂತ ಲಾಭವೇ ಜಾಸ್ತಿ ಅನ್ನುವುದು ಈಗ ತಜ್ಞರ ಮಾತು. ಸ್ತನ ಕ್ಯಾನ್ಸರ್ ಬಂದವರಿಗೆ, ರಕ್ತ ಹೆಪ್ಪುಗಟ್ಟಿದವರಿಗೆ, ಲಿವರ್ ಕಾಯಿಲೆಯವರಿಗೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಯಾರದ್ದೋ ಚೀಟಿ ನೋಡಿ ಮೆಡಿಕಲ್ ಸ್ಟೋರ್‌ನಲ್ಲಿ ತಗೊಳ್ಳುವ ಔಷಧಿ ಇದಲ್ಲ.

ನನಗೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ), ಬಿಪಿ, ಕೊಲೆಸ್ಟ್ರಾಲ್ ಎಲ್ಲ ನೋಡಿ ಈಸ್ಟ್ರೋಜನ್ ಜೆಲ್ ಕೊಟ್ಟರು. ದಿನವೂ ತೋಳಿಗೆ ಸವರುವುದು. ಮಾತ್ರೆಗಿಂತ ಚರ್ಮದ ಮೂಲಕ ಹೋದರೆ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಗರ್ಭಕೋಶ ಇರುವುದರಿಂದ ಅದರ ಒಳಪದರ ದಪ್ಪವಾಗದಂತೆ ತಿಂಗಳಿಗೆ 12 ರಾತ್ರಿ ಪ್ರೊಜೆಸ್ಟರಾನ್ ಕ್ಯಾಪ್ಸೂಲ್. ಮೂರನೇ ವಾರಕ್ಕೆ ಝಳ 3ಕ್ಕೆ ಇಳಿಯಿತು. ಎರಡನೇ ತಿಂಗಳು ಎಷ್ಟೋ ದಿನ ಡೈರಿಯಲ್ಲಿ ಸೊನ್ನೆ ಬರೆದೆ. ಎರಡು ವರ್ಷದಲ್ಲಿ ಬೇರೆ ಯಾವುದೂ ಮಾಡದ ಕೆಲಸ ಅದು. ಬೆರಳಿನ ಬಿಗಿತವೂ ಹೋಯಿತು. ಇದರಲ್ಲೂ ತೊಂದರೆ ಇಲ್ಲದಿಲ್ಲ. ಮೊದಲ ತಿಂಗಳು ಸ್ತನ ನೋಯುತ್ತಿತ್ತು. ಬಿಟ್ಟುಹೋಗುತ್ತಿದ್ದ ಮುಟ್ಟು ಈಗ ತಿಂಗಳು ತಿಂಗಳು ಸ್ವಲ್ಪ ಕಾಣಿಸುತ್ತದೆ. ಜೆಲ್, ಕ್ಯಾಪ್ಸೂಲ್ ಸೇರಿ ತಿಂಗಳಿಗೆ ಸಾವಿರ ರೂಪಾಯಿ ಹತ್ತಿರ ಆಗುತ್ತದೆ, ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಮುಂದುವರಿಸಬೇಕೋ ಬೇಡವೋ ಕೇಳಬೇಕು.

ಝಳಕ್ಕೂ ನಡುರಾತ್ರಿಯ ಎಚ್ಚರಕ್ಕೂ ಜೆಲ್‌ಗೆ ಸಾಟಿ ನನಗೆ ಸಿಗಲಿಲ್ಲ. ಭುಜಕ್ಕೆ ಯೋಗ. ಸ್ನಾಯುವಿಗೂ ಸೊಂಟಕ್ಕೂ ತೂಕ. ಬಿಪಿಗೂ ಮನಸ್ಸಿಗೂ ನಡಿಗೆ. ನನ್ನ ತಪ್ಪು ಇದ್ದದ್ದು ಇಲ್ಲೇ: ಎಲ್ಲಕ್ಕೂ ಒಂದೇ ಮದ್ದು ಹುಡುಕುತ್ತಿದ್ದೆ, ಝಳ ನಿಲ್ಲಲಿಲ್ಲ ಅಂತ ನಡಿಗೆಯನ್ನು ಬೈದುಕೊಳ್ಳುತ್ತಿದ್ದೆ. ಮೂಳೆಯ ವಿಷಯದಲ್ಲಿ ಮಾತ್ರ ಯಾವುದು ಗೆದ್ದಿತು ಅಂತ ಹೇಳಲಾರೆ. ಒಂದೂವರೆ ವರ್ಷದ ನಂತರದ ಡೆಕ್ಸಾದಲ್ಲಿ ಮೈನಸ್ 1.7 ಬಂತು. ಅಷ್ಟು ಸಣ್ಣ ವ್ಯತ್ಯಾಸ ಯಂತ್ರದ ಏರುಪೇರೂ ಇರಬಹುದು, ಅದೂ ಅಲ್ಲದೆ ಈಸ್ಟ್ರೋಜನ್ ಕೂಡ ಮೂಳೆ ಕಾಯುತ್ತದೆ. ಇಳಿಯುವ ವಯಸ್ಸಿನಲ್ಲಿ ಇಳಿಯಲಿಲ್ಲ, ಅದೇ ನನಗೆ ದೊಡ್ಡದು.

ಕೆಳಗಿನ ಮನೆ ಅಕ್ಕನಿಗೆ ಈಗ 56. ಮುಟ್ಟು ನಿಂತು ಐದು ವರ್ಷವಾಗಿತ್ತು. ಹೋದ ತಿಂಗಳು ಮೆಟ್ಟಿಲ ಹತ್ತಿರ ಸಿಕ್ಕಾಗ, ಎರಡು ದಿನ ರಕ್ತದ ಕಲೆ ಕಂಡಿತು ಅಂತ ಮೆಲ್ಲಗೆ ಹೇಳಿದರು. 12 ತಿಂಗಳು ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು. ಆ ವಾರವೇ ಕರೆದುಕೊಂಡು ಹೋದೆ. ಸಣ್ಣ ಪಾಲಿಪ್ (ಗಂಟಿನಂಥ ಬೆಳವಣಿಗೆ) ಇತ್ತು, ತೆಗೆದರು, ರಿಪೋರ್ಟ್ ಚೆನ್ನಾಗಿ ಬಂತು.

ಈಗ ವಾರಕ್ಕೆ ಎರಡು ದಿನ ಜಿಮ್, ಒಂದು ದಿನ ಯೋಗ, ಉಳಿದ ಬೆಳಿಗ್ಗೆಗಳಲ್ಲಿ ಲಾಲ್‌ಬಾಗ್. ಒಂದು ತೊಂದರೆ ಇನ್ನೂ ಬಾಕಿಯಿದೆ. ಕೆಮ್ಮಿದಾಗ, ಸೀನಿದಾಗ ಎರಡು ಹನಿ ಮೂತ್ರ ಜಾರುತ್ತದೆ. ತೂಕ ಎತ್ತುವಾಗಲೂ ಒಮ್ಮೊಮ್ಮೆ. ಇದನ್ನು ಹೇಳಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಫಿಸಿಯೋಥೆರಪಿಯವರು ಮೂತ್ರ ತಡೆಯುವ ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಕಲಿಸಿದ್ದಾರೆ, ದಿನಕ್ಕೆ ಮೂರು ಹೊತ್ತು. ಮೂರು ವಾರವಾಗಿದೆ. 12 ವಾರ ಬಿಡದೆ ಮಾಡಿ ಅಂದಿದ್ದಾರೆ, ಡೈರಿಯಲ್ಲಿ ಅದಕ್ಕೂ ಒಂದು ಕಾಲಂ ಹಾಕಿದ್ದೇನೆ.