ಹಳೆಯ ಸಿನಿಮಾ ಪೋಸ್ಟರ್‌ಗಳ ಆನ್‌ಲೈನ್ ಹರಾಜು: ಆರು ವರ್ಷ ಕೊಂಡು, ಮಾರಿದ ಮೇಲೆ

ಹಳೆಯ ಕನ್ನಡ ಚಿತ್ರಗಳ ಪೋಸ್ಟರ್, ಹಾಡಿನ ಪುಸ್ತಕ ಮತ್ತು ಸ್ಟಿಲ್ ಫೋಟೋಗಳನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ನಾನು 2019ರಿಂದ ಆರು ವರ್ಷ ಒಂದೇ ಹರಾಜು ತಾಣವನ್ನು ಬಳಸಿದ್ದೇನೆ. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ಅವಧಿಯಲ್ಲಿ ನಲವತ್ತಕ್ಕೂ ಹೆಚ್ಚು ವಸ್ತುಗಳನ್ನು ಕೊಂಡಿದ್ದೇನೆ, ಹದಿನೇಳನ್ನು ಮಾರಿದ್ದೇನೆ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಕಳೆದಿರುವ ಒಂದೂವರೆ ಅಂಕದ ಬಹುಪಾಲು ‘ಒರಿಜಿನಲ್’ ಎಂಬ ಒಂದೇ ಪದದ ಲೆಕ್ಕಕ್ಕೆ ಸೇರುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ನಾಲ್ಕು ಭಾನುವಾರ ಅಲೆದರೆ ಒಂದು ಹಾಡಿನ ಪುಸ್ತಕ ಸಿಗುತ್ತಿತ್ತು, ಅದೂ ಹೊದಿಕೆಯಿಲ್ಲದೆ. ಗಾಂಧಿನಗರದ ಹಂಚಿಕೆದಾರರ ಕಚೇರಿಗಳು ಜಾಗ ಬದಲಿಸುವಾಗ ಮೂಟೆಗಟ್ಟಲೆ ಪೋಸ್ಟರ್ ರದ್ದಿಗೆ ಹೋಗುತ್ತಿದ್ದುದನ್ನು ಕಂಡವನು ನಾನು. ಅಂಥ ಕಾಗದ ಇಂದು ರದ್ದಿಯ ತೂಕಕ್ಕೆ ಹೋಗದೆ ಹರಾಜಿನ ಪಟ್ಟಿಗೆ ಬರುತ್ತಿದೆ, ದಾವಣಗೆರೆಯ ಮನೆಯೊಂದರ ಅಟ್ಟದಲ್ಲಿದ್ದುದು ಅಮೆರಿಕದಲ್ಲಿರುವ ಕನ್ನಡಿಗರ ಕೈ ಸೇರುತ್ತಿದೆ. ಇದಿಷ್ಟೇ ಕಾರಣಕ್ಕೆ ನಾನು ಈ ತಾಣವನ್ನು ಬಿಟ್ಟಿಲ್ಲ.

ಇನ್ನು ‘ಒರಿಜಿನಲ್’ ವಿಷಯ. ತಾಣದ ಮಟ್ಟಿಗೆ ಈ ಪದ ಮಾರುವವನು ಆರಿಸಿಕೊಳ್ಳುವ ಒಂದು ಚೌಕ. ಅದನ್ನು ಪರೀಕ್ಷಿಸುವವರು ಯಾರೂ ಇಲ್ಲ. ಎರಡನೆಯ ವರ್ಷದಲ್ಲಿ, 1964ರ ಚಿತ್ರವೊಂದರ ಮೊದಲ ಬಿಡುಗಡೆಯ ಪೋಸ್ಟರ್ ಎಂಬ ವಿವರಣೆಯನ್ನು ನಂಬಿ, ನನ್ನ ಮಟ್ಟಿಗೆ ದೊಡ್ಡದೇ ಆದ ಮೊತ್ತಕ್ಕೆ ಬಿಡ್ ಗೆದ್ದೆ. ಬಂದ ಪೋಸ್ಟರ್ ಚೆನ್ನಾಗಿಯೇ ಇತ್ತು. ಆದರೆ ಕೆಳ ಅಂಚಿನಲ್ಲಿ, ಇರುವೆ ಸಾಲಿನಂತಿದ್ದ ಮುದ್ರಕರ ವಿಳಾಸವನ್ನು ಭೂತಗನ್ನಡಿ ಹಿಡಿದು ನೋಡಿದಾಗ ಊರಿನ ಹೆಸರಿನ ಪಕ್ಕದಲ್ಲಿ ಆರು ಅಂಕಿಗಳ ಪಿನ್‌ಕೋಡ್ ಇತ್ತು. ಪಿನ್‌ಕೋಡ್ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ ಗಾಂಧಿನಗರದ ವಿಳಾಸಗಳು ‘ಬೆಂಗಳೂರು-9’ ಎಂದಷ್ಟೇ ಮುಗಿಯುತ್ತಿದ್ದವು. ಅಂದರೆ ನನ್ನ ಕೈಗೆ ಬಂದದ್ದು ಮರುಬಿಡುಗಡೆಯ ಪೋಸ್ಟರ್. ದೂರು ಕೊಟ್ಟೆ, ‘ಮುದ್ರಿತ ವಸ್ತುವೇ ಆಗಿರುವುದರಿಂದ ನಕಲು ಎನ್ನಲಾಗದು’ ಎಂಬ ಅರ್ಥದ ಉತ್ತರ ಹನ್ನೊಂದು ದಿನಗಳ ನಂತರ ಬಂತು, ಹಣ ಬರಲಿಲ್ಲ. ಮಾತು ಒಂದು ರೀತಿಯಲ್ಲಿ ನಿಜ ಎಂಬುದೇ ಹೆಚ್ಚು ಕಿರಿಕಿರಿ. ಮರುಬಿಡುಗಡೆಯ ಪೋಸ್ಟರ್ ಖೋಟಾ ಅಲ್ಲ, ಅದಕ್ಕೂ ಕೊಳ್ಳುವವರಿದ್ದಾರೆ. ಆದರೆ ಬೆಲೆ ಬೇರೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂದಿರುವುದರಿಂದ, ಇಂಥ ಚಿತ್ರಗಳ ಪೋಸ್ಟರ್ ಕೊಳ್ಳುವವರು ಯಾವ ವರ್ಷದ ಮುದ್ರಣವೆಂದು ಮಾರುವವರನ್ನು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬೇಕು.

ಅಂದಿನಿಂದ ಬಿಡ್ ಹಾಕುವ ಮುನ್ನ ನಾಲ್ಕೂ ಅಂಚುಗಳ ಹತ್ತಿರದ ಫೋಟೋ ಕೇಳುತ್ತೇನೆ. ಕೊಡದವರ ಬಳಿ ಕೊಳ್ಳುವುದಿಲ್ಲ. ಹಾಡಿನ ಪುಸ್ತಕವಾದರೆ ಬೆಲೆ ಅಚ್ಚಾಗಿರುವ ಜಾಗವನ್ನು ನೋಡುತ್ತೇನೆ. ಬೆಲೆ ಆಣೆಯಲ್ಲಿದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ, ಅಂದರೆ ದಶಮಾಂಶ ನಾಣ್ಯ ಬರುವುದಕ್ಕೆ ಮುಂಚಿನದು, ‘ನ.ಪೈ.’ ಎಂದಿದ್ದರೆ ಅಲ್ಲಿಂದ 1964ರ ನಡುವಿನದು, ಏಕೆಂದರೆ ಆ ವರ್ಷ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. 1954ರ ‘ಬೇಡರ ಕಣ್ಣಪ್ಪ’ನ ಮೊದಲ ಮುದ್ರಣವೆಂದು ಯಾರಾದರೂ ನಯಾ ಪೈಸೆಯ ಪುಸ್ತಕ ತೋರಿಸಿದರೆ ನಗಬಹುದು. ಪೋಸ್ಟರ್ ಮೇಲೆ ಯು/ಎ ಗುರುತಿದ್ದರೆ ಅದು 1983ಕ್ಕೆ ಹಿಂದಿನದಾಗಿರಲು ಸಾಧ್ಯವಿಲ್ಲ. ಇಂದಿನ ಪ್ರಿಂಟರಿನಲ್ಲಿ ತೆಗೆದ ನಕಲನ್ನು ಹಿಡಿಯಲು ಭೂತಗನ್ನಡಿಯೇ ಸಾಕು: ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಕ್ರಮವಾಗಿ ಹೂವಿನ ಎಸಳಿನಂತೆ ಕೂಡಿರುತ್ತವೆ, ಇಂಕ್‌ಜೆಟ್‌ನಲ್ಲಿ ರವೆ ಚೆಲ್ಲಿದಂತೆ ಹರಡಿರುತ್ತವೆ.

ಮಾರುವವನಾಗಿ ನನ್ನ ಅನುಭವ ಇದಕ್ಕಿಂತ ಮೇಲು. ಮಾರಿದ ಹಣ ಪ್ರತಿಸಲವೂ ಹತ್ತು ದಿನಗಳೊಳಗೆ ಖಾತೆಗೆ ಬಂದಿದೆ. ಕಮಿಷನ್ ಎರಡು ಸಲ ಏರಿತು; ಇದರಿಂದಾಗಿ ಅಗ್ಗದ ಸ್ಟಿಲ್ ಫೋಟೋಗಳನ್ನು ಒಂದೊಂದಾಗಿ ಮಾರುವುದು ಈಗ ಗಿಟ್ಟುವುದಿಲ್ಲ, ಕಟ್ಟಾಗಿ ಮಾರಬೇಕು. ಪೋಸ್ಟರಿನ ಮಡಿಕೆ ಗೆರೆ, ಪಿನ್ನು ಚುಚ್ಚಿದ ತೂತು, ಹಿಂಬದಿಯ ಮೈದಾ ಅಂಟಿನ ಕಲೆ, ಎಲ್ಲದರ ಫೋಟೋ ಹಾಕಿದ ಮೇಲೆ ಒಂದೂ ವಾಪಸು ಬಂದಿಲ್ಲ. ‘ಚಿತ್ರವೇ ಕಪ್ಪುಬಿಳುಪು, ನೀವು ಬಣ್ಣದ ಪೋಸ್ಟರ್ ಮಾರುತ್ತಿದ್ದೀರಲ್ಲ ಸ್ವಾಮಿ’ ಎಂದು ಒಬ್ಬರು ನನ್ನನ್ನೇ ಮೋಸಗಾರನೆಂದಿದ್ದರು. ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ಬಂದಿತೆಂಬುದು ಅವರಿಗೆ ಗೊತ್ತಿತ್ತು. ಕಪ್ಪುಬಿಳುಪು ಚಿತ್ರಗಳ ಪೋಸ್ಟರ್‌ಗಳೂ ಬಣ್ಣದಲ್ಲೇ ಅಚ್ಚಾಗುತ್ತಿದ್ದವೆಂಬುದು ಗೊತ್ತಿರಲಿಲ್ಲ. ಇನ್ನೊಬ್ಬರು ಪೋಸ್ಟರ್ ಕೊಂಡ ಮೇಲೆ ಅದನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಬಹುದೇ ಎಂದು ಕೇಳಿದರು. ಕಾಗದ ಮಾರಬಲ್ಲೆ, ಚಿತ್ರದ ಹಕ್ಕು ನನ್ನದಲ್ಲ ಎಂದು ತಿಳಿಸಿದೆ.

ಸಾಗಣೆಯ ಬಗ್ಗೆ ತಾಣದ ಸಲಹೆಯನ್ನು ಪಾಲಿಸಬೇಡಿ. ದಶಕಗಳಿಂದ ಮಡಿಚಿಯೇ ಇದ್ದ ಪೋಸ್ಟರನ್ನು ಸುರುಳಿ ಸುತ್ತಿ ಕೊಳವೆಯಲ್ಲಿ ತುರುಕಿದರೆ ಮಡಿಕೆಯ ಗೆರೆಯುದ್ದಕ್ಕೂ ಸೀಳುತ್ತದೆ. ಹಳೆಯ ಮಡಿಕೆಯಲ್ಲೇ ಬಿಟ್ಟು, ಎರಡು ರಟ್ಟಿನ ನಡುವೆ ಇಟ್ಟು ಕಳಿಸುವುದು ಲೇಸು. ಸೆಲ್ಲೋಟೇಪ್ ಮತ್ತು ಲ್ಯಾಮಿನೇಷನ್ ಎರಡೂ ಕಾಗದಕ್ಕೂ ಬೆಲೆಗೂ ಶತ್ರು. ಲ್ಯಾಮಿನೇಷನ್ ಮಾಡಿಸಿದ್ದೇ ಹೆಗ್ಗಳಿಕೆಯೆಂಬಂತೆ ಬರೆಯುವ ಮಾರಾಟಗಾರರು ಈಗಲೂ ಇದ್ದಾರೆ.

ಒಂದು ವಿಷಯದಲ್ಲಿ ಮಾತ್ರ ತಾಣವನ್ನು ಕ್ಷಮಿಸಲಾರೆ. ಹಳೆಯ ಫಿಲ್ಮ್ ರೀಲುಗಳನ್ನು ಯಾವ ಎಚ್ಚರಿಕೆಯ ಸೂಚನೆಯೂ ಇಲ್ಲದೆ ಅಲ್ಲಿ ಮಾರಲಾಗುತ್ತಿದೆ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಉರಿಯುವ ವಸ್ತು. ಅದನ್ನು ಶೋಕೇಸಿನಲ್ಲಿ ಇಡುವಂತಿಲ್ಲ, ಕೊರಿಯರಿನಲ್ಲಿ ಕಳಿಸುವಂತೆಯೂ ಇಲ್ಲ. ಮೂರು ಸಲ ಬರೆದೆ, ಪಟ್ಟಿ ಹಾಗೆಯೇ ಇದೆ. ಅಂಥ ರೀಲು ಯಾರ ಮನೆಯಲ್ಲಾದರೂ ಇದ್ದರೆ ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಭಂಡಾರಕ್ಕೆ ಮೊದಲು ಪತ್ರ ಬರೆಯುವುದು ಒಳ್ಳೆಯದು.

ಈ ತಿಂಗಳು ಇನ್ನೂ ಆರು ಪೋಸ್ಟರ್‌ಗಳನ್ನು ಹರಾಜಿಗೆ ಹಾಕಿದ್ದೇನೆ. ಕೊಂಡದ್ದರಲ್ಲಿ ಮಾರದೆ ಇಟ್ಟುಕೊಂಡಿರುವುದು ಮುನ್ನೂರು ರೂಪಾಯಿಗೆ ಸಿಕ್ಕ ಎಂಟು ಪುಟದ ಒಂದು ಹಾಡಿನ ಪುಸ್ತಕ. ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಗಾಂಧಿ ಕ್ಲಾಸು, ಎರಡನೇ ಆಟ, ಅಕ್ಕನ ಜೊತೆ’ ಎಂದು ಬರೆದಿದ್ದಾರೆ. ಮಾರಾಟಗಾರರು ಅದನ್ನು ‘ಸಣ್ಣ ದೋಷ’ ಎಂದು ನಮೂದಿಸಿ ಬೆಲೆ ಇಳಿಸಿದ್ದರು.